ಜಗಲಿಯಲ್ಲಿ ಕೂತು ಕೇಳಿ: ಸಿನಿಮಾ ಸರಣಿಯ ಮಟ್ಟುಗಳನ್ನು ಹೋಲಿಸುವುದು ಹೇಗೆ

ಮೇ ಕೊನೆಯ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ನಮ್ಮ ಕಡೆ ರಾತ್ರಿಗಳು ಖಾಲಿ. ಕಾಸರಗೋಡಿನ ಬದಿಯಡ್ಕದಿಂದ ಸ್ವಲ್ಪ ಒಳಗೆ ನಮ್ಮ ಮನೆ. ಜೂನ್, ಜುಲೈ ಅಂದರೆ ಮಳೆ, ಹಲಸಿನ ಹಪ್ಪಳ, ಆಮೇಲೆ ಸಿನಿಮಾ. ಒಂದು ಮಳೆಗಾಲ ನಾವು ನಾಲ್ಕೈದು ಜನ ಸೇರಿ 'ಲಾರ್ಡ್ ಆಫ್ ದ ರಿಂಗ್ಸ್' ಮೂರೂ ಭಾಗ ನೋಡಿದೆವು. ಅಜ್ಜ ಒಳಗೆ ಬರಲಿಲ್ಲ. ಎಲೆ ಅಡಿಕೆ ಹಾಕಿಕೊಂಡು ಜಗಲಿಯಲ್ಲೇ ಕೂತಿದ್ದರು. ಮೂರನೇ ಭಾಗದ ಕೊನೆಯ ಹತ್ತಿರ, ಕೇಡಿನ ಉಂಗುರವನ್ನು ನಾಶ ಮಾಡಲು ಹೊರಟ ಫ್ರೋಡೋ ಮತ್ತು ಅವನ ಜೊತೆಗಾರ ಸ್ಯಾಮ್ ಬೆಂಕಿಯ ಬೆಟ್ಟದಲ್ಲಿ ಏಳಲಾಗದೆ ಬಿದ್ದುಕೊಂಡಿರುವಾಗ ಒಂದು ಕೊಳಲು ಸಣ್ಣಗೆ ಬಂತು. ಹೊರಗಿನಿಂದ ಅಜ್ಜನ ಸ್ವರ: "ಇದು ಸುರುವಿಗೆ ಬಂದದ್ದೇ ಅಲ್ಲದೋ ಮಾಣಿ? ಈಗ ಎಂತಕ್ಕೆ ಇಷ್ಟು ಮೆಲ್ಲ?"

ಅಜ್ಜ ಪರದೆಯ ಕಡೆ ಒಮ್ಮೆಯೂ ತಿರುಗಿ ನೋಡಿರಲಿಲ್ಲ. ಮೊದಲ ಭಾಗ ಮುಗಿದು ವಾರವೇ ಆಗಿತ್ತು.

ಅವರ ಪ್ರಶ್ನೆಯಲ್ಲಿ ಎರಡು ತುಂಡು ಇದೆ. 'ಇದು ಅದೇ ಅಲ್ವಾ' ಅನ್ನೋದು ಒಂದು. 'ಈಗ ಯಾಕೆ ಹೀಗೆ' ಅನ್ನೋದು ಇನ್ನೊಂದು. ಸಿನಿಮಾ ಹುಚ್ಚಿನವರು ಜಾಸ್ತಿ ಜನ ಮೊದಲನೆಯದರಲ್ಲೇ ನಿಲ್ಲುತ್ತಾರೆ. ಅದೇ ಟ್ಯೂನ್ ಮತ್ತೆ ಬಂತು ಅಂತ ಖುಷಿಪಟ್ಟು ಸುಮ್ಮನಾಗುತ್ತಾರೆ. ನನಗೆ ರುಚಿ ಹತ್ತಿದ್ದು ಎರಡನೆಯದರಲ್ಲಿ. ಅದನ್ನು ಹಿಡಿಯೋದಕ್ಕೆ ನಾವು ಕೆಲವು ಮಳೆಗಾಲ ಎಡವಿ ಕಲಿತ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ಸಂಗೀತ ಕಲಿತಿರಬೇಕು ಅಂತೇನಿಲ್ಲ. ಹಾರ್ಮೋನಿಯಮ್‌ನಲ್ಲಿ ಸರಿಗಮ ಹುಡುಕಲು ಬಂದರೆ ಸಾಕು.

ಮೊದಲು, ಥೀಮ್ ಅಂದರೆ ಯಾವುದು

ಸಿನಿಮಾ ಸಂಗೀತದವರು ಥೀಮ್ ಅನ್ನುವುದನ್ನು, ಅಂದರೆ ಮತ್ತೆ ಮತ್ತೆ ಬರುವ ಟ್ಯೂನನ್ನು, ನಾನು ಮಟ್ಟು ಅನ್ನುತ್ತೇನೆ. ಪೂರ್ತಿ ಒಂದೇ ಅಲ್ಲ. ಯಕ್ಷಗಾನದಲ್ಲಿ ಒಂದೇ ಮಟ್ಟಿಗೆ ಹತ್ತು ಪದ ಹಾಡಬಹುದು, ಹತ್ತು ಜನರ ಬಾಯಲ್ಲಿ. ಸಿನಿಮಾದ ಮಟ್ಟು ಒಬ್ಬ ಮನುಷ್ಯನಿಗೋ ಒಂದು ಊರಿಗೋ ಒಂದು ವಸ್ತುವಿಗೋ ಅಂಟಿಕೊಂಡಿರುತ್ತದೆ. ಅದಕ್ಕೆ ಹತ್ತಿರದ್ದು ಬೇಕಾದರೆ ಬಣ್ಣದ ವೇಷವನ್ನು, ಅಂದರೆ ಯಕ್ಷಗಾನದ ರಾಕ್ಷಸ ಪಾತ್ರವನ್ನು, ನೆನೆಸಿಕೊಳ್ಳಿ. ವೇಷ ಇನ್ನೂ ಕಂಡಿರುವುದಿಲ್ಲ. ಚೆಂಡೆಯ ಪೆಟ್ಟು ಬದಲಾಗುತ್ತದೆ, ದೂರದಿಂದ ಆರ್ಭಟೆ ಕೇಳುತ್ತದೆ, ಚಾಪೆಯಲ್ಲಿ ನಿದ್ದೆ ಹೋಗಿದ್ದ ಮಕ್ಕಳು ಎದ್ದು ಅಮ್ಮನ ಸೆರಗು ಹಿಡಿಯುತ್ತಾರೆ. ಯಾರು ಬರುತ್ತಿದ್ದಾರೆ ಅಂತ ಕಿವಿಗೆ ಆಗಲೇ ಗೊತ್ತು.

ಯುರೋಪಿನಲ್ಲಿ ಇದನ್ನು ದೊಡ್ಡ ಮಟ್ಟದಲ್ಲಿ ಮಾಡಿದವನು ಜರ್ಮನ್ ಸಂಗೀತಗಾರ ವಾಗ್ನರ್. ಅವನ ನಾಲ್ಕು ಒಪೆರಾಗಳ, ಅಂದರೆ ಹಾಡುನಾಟಕಗಳ, 'ರಿಂಗ್' ಸರಣಿ ಇಡಿಯಾಗಿ ಮೊದಲು ಪ್ರದರ್ಶನವಾದದ್ದು 1876ರಲ್ಲಿ, ಜರ್ಮನಿಯ ಬೈರಾಯ್ಟ್‌ನಲ್ಲಿ. ಅದೇ ವರ್ಷ ವೋಲ್ಟ್ಸೋಗನ್ ಅನ್ನುವ ಅಭಿಮಾನಿ ಅದರ ಮಟ್ಟುಗಳಿಗೆಲ್ಲ ಒಂದೊಂದು ಹೆಸರಿಟ್ಟು ಕೈಪಿಡಿ ಅಚ್ಚು ಹಾಕಿಸಿದ. ನಾವು ಮಾಡುವ ಕೆಲಸದ ಮೂಲಪುರುಷ ಅವನೇ. ಅವನು ಮಾಡಿದ ತಪ್ಪನ್ನೇ ನಾವೂ ಮಾಡುತ್ತೇವೆ, ಅದಕ್ಕೆ ಆಮೇಲೆ ಬರುತ್ತೇನೆ.

ಹಂತ 1: ಎಲ್ಲರೂ ಒಂದೇ ಪ್ರತಿ ಹಿಡಿಯಿರಿ

ಇದು ಬೋರು ಹೊಡೆಸುವ ಹಂತ. ಆದರೆ ನಮ್ಮ ಒಂದು ಇಡೀ ಶನಿವಾರ ಹಾಳಾದದ್ದು ಇದರಿಂದಲೇ.

ಭಾವ ಹಳೆಯ ಡಿವಿಡಿ ನೋಡಿಕೊಂಡು ಸಮಯ ಬರೆದಿಟ್ಟಿದ್ದ. ನಾನು ಫೋನಿನಲ್ಲಿ ನೋಡಿದ್ದೆ. ಇಬ್ಬರ ಪಟ್ಟಿಯೂ ಹೊಂದಲಿಲ್ಲ. ಸಿನಿಮಾ ಮುಂದೆ ಹೋದಷ್ಟೂ ಅಂತರ ಜಾಸ್ತಿ ಆಗುತ್ತಾ ಹೋಯಿತು. ಅದು ಹೋಗಲಿ, ಹಾರ್ಮೋನಿಯಮ್‌ನಲ್ಲಿ ಅವನು ತೋರಿಸಿದ ಮನೆಯೇ ಬೇರೆ, ನಾನು ತೋರಿಸಿದ ಮನೆಯೇ ಬೇರೆ. "ನಿನ್ನ ಕಿವಿ ಸರಿ ಇಲ್ಲೆ" ಅಂತ ಅವನು, "ನಿನ್ನ ಹಾರ್ಮೋನಿಯಮ್ ಸರಿ ಇಲ್ಲೆ" ಅಂತ ನಾನು.

ಇಬ್ಬರ ಕಿವಿಯೂ ಸರಿ ಇತ್ತು. ಸಿನಿಮಾ ಓಡುವುದು ಸೆಕೆಂಡಿಗೆ 24 ಚಿತ್ರದ ಲೆಕ್ಕದಲ್ಲಿ. ನಮ್ಮ ದೇಶದ ಹಳೆಯ ಟಿವಿ, ಡಿವಿಡಿಗಳದ್ದು ಪ್ಯಾಲ್ ಪದ್ಧತಿ, ಅದರಲ್ಲಿ ಸೆಕೆಂಡಿಗೆ 25. ಸಿನಿಮಾವನ್ನು ಹಾಗೇ ಅದಕ್ಕೆ ಹಾಕಿದರೆ ಶೇಕಡಾ 4ರಷ್ಟು ಬೇಗ ಓಡುತ್ತದೆ. ಮೊದಲ ಭಾಗ ಥಿಯೇಟರಿನಲ್ಲಿ 178 ನಿಮಿಷ, ಪ್ಯಾಲ್ ಡಿಸ್ಕಿನಲ್ಲಿ ಸುಮಾರು 171. ಸ್ವರವನ್ನು ಸರಿಮಾಡದೆ ಬಿಟ್ಟಿದ್ದರೆ ಶ್ರುತಿಯೂ ಏರುತ್ತದೆ. ಎಷ್ಟು ಅಂದರೆ ಹಾರ್ಮೋನಿಯಮ್‌ನ ಬಿಳಿ ಮನೆಯಿಂದ ಪಕ್ಕದ ಕಪ್ಪು ಮನೆಗೆ ಇರುವ ದೂರದ ಮುಕ್ಕಾಲು ಪಾಲಿಗೆ ಹತ್ತಿರ.

ಇನ್ನೊಂದು ಗೋಜಲು, ಉದ್ದದ ಆವೃತ್ತಿ. ಮೂರೂ ಭಾಗಕ್ಕೆ ಥಿಯೇಟರ್ ಆವೃತ್ತಿ ಬೇರೆ, ವಿಸ್ತರಿಸಿದ ಆವೃತ್ತಿ ಬೇರೆ. ವಿಸ್ತರಿಸಿದ್ದರಲ್ಲಿ ಹೊಸ ದೃಶ್ಯಗಳಿಗೆ ಹೊಸ ಸಂಗೀತವೂ ಸೇರಿದೆ. ಯಾವುದು ಬೇಕೋ ಹಿಡಿಯಿರಿ, ಎಲ್ಲರೂ ಅದನ್ನೇ ಹಿಡಿಯಿರಿ. ಸಮಯದ ಜೊತೆಗೆ ದೃಶ್ಯವನ್ನೂ ಒಂದು ಸಾಲು ಬರೆದಿಡಿ. 'ಕುದುರೆ ಸೇತುವೆ ದಾಟುವಾಗ' ಅಂತ ಇದ್ದರೆ ಸಮಯ ತಪ್ಪಿದರೂ ಜಾಗ ಸಿಗುತ್ತದೆ.

ಆಲ್ಬಮ್ ಕೇಳಿ ಬರೆಯುವವರಿಗೂ ಒಂದು ಮಾತು. ಸಿನಿಮಾ ಬಂದ ವರ್ಷ ಮಾರಾಟವಾದ ಒಂದು ಸಿಡಿಯ ಆಲ್ಬಮ್‌ನಲ್ಲಿ ಬೇರೆ ಬೇರೆ ದೃಶ್ಯಗಳ ಸಂಗೀತವನ್ನು ಹೊಲಿದು ಒಂದೇ ಟ್ರ್ಯಾಕ್ ಮಾಡಿರುತ್ತಾರೆ. ಈ ಸರಣಿಯ ವಿಷಯದಲ್ಲಿ ನಮ್ಮ ಪುಣ್ಯ, ಪೂರ್ತಿ ಸಂಗೀತದ ಪೆಟ್ಟಿಗೆಗಳು 2005, 2006, 2007ರಲ್ಲಿ ಒಂದೊಂದಾಗಿ ಬಂದಿವೆ. ಮಾತಿನ ಗಲಾಟೆಯಿಲ್ಲದೆ ಕೇಳಬಹುದು.

ಹಂತ 2: ಮೊದಲು ಕಣ್ಣು ಮುಚ್ಚಿ

ಇದನ್ನು ನಾವು ಜಗಲಿ ಹಂತ ಅನ್ನುತ್ತೇವೆ, ಅಜ್ಜನ ಲೆಕ್ಕದಲ್ಲಿ.

ಒಬ್ಬ ಒಳಗೆ ಕೂತು ಸಿನಿಮಾ ಓಡಿಸಬೇಕು. ಉಳಿದವರು ಹೊರಗೆ. ಪರದೆ ಕಾಣಬಾರದು. ಎಲ್ಲೋ ಕೇಳಿದ ಹಾಗಿದೆ ಅನಿಸಿದ ಕೂಡಲೇ ಕೈ ಎತ್ತಬೇಕು, ಬಾಯಿ ಬಿಡಬಾರದು. ಒಳಗಿನವನು ಸಮಯ ಬರೆದುಕೊಳ್ಳುತ್ತಾನೆ. ಬಾಯಿ ಬಿಟ್ಟರೆ ಏನಾಗುತ್ತದೆ ಅಂದರೆ, ಒಬ್ಬ 'ಅದು ಉಂಗುರದ ಮಟ್ಟು' ಅಂದ ಮೇಲೆ ಮಿಕ್ಕವರಿಗೂ ಅದೇ ಕೇಳತೊಡಗುತ್ತದೆ.

ಕಣ್ಣು ತುಂಬ ಮೋಸ ಮಾಡುತ್ತದೆ. ಪರದೆಯ ಮೇಲೆ ಕರಿ ಕುದುರೆ ಕಂಡರೆ ಕಿವಿ ತಾನೇ ಅದರ ಸವಾರರ ಮಟ್ಟನ್ನು ಸೇರಿಸಿಕೊಳ್ಳುತ್ತದೆ. ನೆನಪಂತೂ ಇನ್ನೂ ಮೋಸ. 'ಸ್ಟಾರ್ ವಾರ್ಸ್' ನೋಡಿದವರನ್ನು ಕೇಳಿ, ಅದರ ಖಳ ಡಾರ್ತ್ ವೇಡರ್ ಮೊದಲ ಸಲ ಬಂದಾಗ ಅವನ ಪ್ರಸಿದ್ಧ ಮಾರ್ಚ್ ಇತ್ತಾ ಅಂತ. ಇತ್ತು ಅಂತ ಆಣೆ ಹಾಕುವವರಿದ್ದಾರೆ. 1977ರ ಸಿನಿಮಾದಲ್ಲಿ ಅದು ಇಲ್ಲವೇ ಇಲ್ಲ, 1980ರ ಎರಡನೇ ಸಿನಿಮಾಕ್ಕೆ ಮಾಡಿದ್ದು.

ಮಳೆ ಜೋರಾದರೆ ಈ ಹಂತ ಕಷ್ಟ. ಹಂಚಿನ ಮಾಡು ಆದರೆ ಹೇಗೋ ಆದೀತು, ತಗಡಿನ ಮಾಡು ಆದರೆ ಹೆಡ್‌ಫೋನ್ ಹಾಕಿ. ಫೋನಿನ ಸ್ಪೀಕರ್ ಬೇಡ. ತಗ್ಗು ಸ್ವರದ ವಾದ್ಯಗಳು ಅದರಲ್ಲಿ ಮಾಯವಾಗುತ್ತವೆ. ಈ ಸಿನಿಮಾಗಳಲ್ಲಿ ಕೆಟ್ಟವರ ಮಟ್ಟುಗಳ ಕೆಲಸವೆಲ್ಲ ಅಲ್ಲೇ ನಡೆಯುವುದು.

ಹಂತ 3: ಸರಿಗಮದಲ್ಲಿ ಬರೆದುಕೊಳ್ಳಿ

ಇಲ್ಲಿ ನಮಗೆ ಒಂದು ಅನುಕೂಲ ಇದೆ. ಇಂಗ್ಲಿಷ್ ಪದ್ಧತಿಯಲ್ಲಿ ಸ್ವರಗಳಿಗೆ ಕಾಯಂ ಜಾಗ. ಮಟ್ಟು ಬೇರೆ ಶ್ರುತಿಗೆ ಹೋದರೆ ಎಲ್ಲ ಅಕ್ಷರವೂ ಬದಲು. ನಮ್ಮ 'ಸ' ಎಲ್ಲಿ ಬೇಕಾದರೂ ಕೂರುತ್ತದೆ. ಹಾಗಾಗಿ ಒಂದೇ ಮಟ್ಟು ಎರಡು ಶ್ರುತಿಯಲ್ಲಿ ಬಂದರೂ ಪುಸ್ತಕದಲ್ಲಿ ಒಂದೇ ಥರ ಕಾಣುತ್ತದೆ. ಹೋಲಿಸುವುದಕ್ಕೆ ಇದಕ್ಕಿಂತ ಸಲೀಸು ಬೇರೆ ಇಲ್ಲ.

ಅಜ್ಜ ಹಿಡಿದ ಮಟ್ಟನ್ನೇ ತೆಗೆದುಕೊಳ್ಳಿ. ಅದು ಶೈರ್‌ನದು, ಹಾಬಿಟ್ ಅನ್ನುವ ಕುಳ್ಳ ಜನರ ಊರು. ಸಂಗೀತ ಹೋವರ್ಡ್ ಶೋರ್ ಅವರದು. ಮೊದಲ ಮತ್ತು ಮೂರನೇ ಭಾಗದ ಸಂಗೀತಕ್ಕೆ ಅವರಿಗೆ ಆಸ್ಕರ್ ಬಂತು. ಮಟ್ಟಿನ ಮೊದಲ ತುಂಡು ಹೀಗಿದೆ:

ಸ ರಿ ಗ ಪ, ಗ ರಿ ಸ

ಇದನ್ನು ಹಾರ್ಮೋನಿಯಮ್‌ನಲ್ಲಿ ನುಡಿಸಿದ ಕೂಡಲೇ ಸಂಗೀತ ಕಲಿತ ತಂಗಿ "ಮೋಹನ!" ಅಂದಳು. ನಮಗೆಲ್ಲ ಪುಳಕ. ಮಧ್ಯಮವೂ ಇಲ್ಲ, ನಿಷಾದವೂ ಇಲ್ಲ, ಸರಿಯೇ ಕಾಣುತ್ತದೆ. ಮುಂದಿನ ತುಂಡು ನುಡಿಸಿ:

ಗ ಪ ದ ಸ', ನಿ ಪ ಗ, ಮ ಗ ರಿ

ನಿ ಬಂತು, ಮ ಬಂತು. ಮೋಹನ ಹೋಯಿತು. ತಂಗಿ ಒಪ್ಪಲು ಹತ್ತು ನಿಮಿಷ ತೆಗೆದುಕೊಂಡಳು. ಸಿನಿಮಾ ಸಂಗೀತಕ್ಕೆ ರಾಗದ ಹೆಸರು ಕಟ್ಟುವ ಚಪಲ ನಮಗೆಲ್ಲ ಇದೆ. ಗುರುತು ಹಿಡಿಯೋದಕ್ಕೆ ಅದು ಒಳ್ಳೆಯದು, ತೀರ್ಪು ಕೊಡೋದಕ್ಕೆ ಆಗದು. ಅಲ್ಲಿ ಮಟ್ಟಿನ ಕೆಳಗೆ ಬೇರೆ ಸ್ವರಗಳ ಗುಂಪು ಓಡುತ್ತಿರುತ್ತದೆ. ಮೇಲಿನ ಸರಿಗಮ ಕದಲದೆ ಇದ್ದರೂ ಕೆಳಗಿನದು ಬದಲಾದರೆ ಖುಷಿಯ ಮಟ್ಟೇ ದುಃಖದ್ದಾಗುತ್ತದೆ. ಅದನ್ನು ಬರೆಯಲು ಬಾರದಿದ್ದರೆ 'ಕೆಳಗೆ ಕತ್ತಲು', 'ಕೆಳಗೆ ಬೆಳಕು' ಅಂತ ಬರೆದರೂ ಸಾಕು. ನಾವು ಹಾಗೇ ಮಾಡುವುದು.

ಇನ್ನೊಂದು ಕಲಿಕೆಗೆ ಹ್ಯಾರಿ ಪಾಟರ್‌ನ ಗೂಬೆಯ ಮಟ್ಟು ಒಳ್ಳೆಯದು. ಹೆಡ್ವಿಗ್ ಮಟ್ಟು ಅಂತ ಅದರ ಹೆಸರು. ಸೆಲೆಸ್ಟಾ ಅನ್ನುವ, ಗಂಟೆಯ ಹಾಗೆ ಕಿಣಿಕಿಣಿ ಅನ್ನುವ ಕೀಲಿಮಣೆ ವಾದ್ಯದಲ್ಲಿ ಶುರುವಾಗುತ್ತದೆ. ಕೆಳಗಿನ ಪ ಹಿಡಿದು ಏರಿ ಸ ಗ ರಿ ಸ, ಆಮೇಲೆ ಪ ಮ ರಿ. ಇಲ್ಲಿ ಗ ಸಣ್ಣದು, ಅಂದರೆ ಸಾಧಾರಣ ಗಾಂಧಾರ. ರಿ ದೊಡ್ಡದು, ಚತುಶ್ರುತಿ. ಎರಡನೇ ಸಾಲು ಸ ಗ ರಿ ಅಂತ ಮೊದಲಿನ ಹಾಗೇ ಹೊರಟು, ಕೆಳಗಿನ ನಿಷಾದಕ್ಕೆ ಜಾರಿ, ಇದ್ದಕ್ಕಿದ್ದಂತೆ ಸಣ್ಣ ರಿಷಭಕ್ಕೆ ಕಾಲಿಟ್ಟು ಪ ಕಡೆಗೆ ಇಳಿದುಬಿಡುತ್ತದೆ. ಆ ಸಣ್ಣ ರಿಷಭ ಬರುವುದು ಯಾರೂ ಎಣಿಸದ ಕಡೆ. ಒಂದೇ ಮಟ್ಟಿನಲ್ಲಿ ಎರಡು ರಿಷಭ. ಮಾಟದ ವಾಸನೆ ಎಲ್ಲಿಂದ ಬರುತ್ತದೆ ಅಂತ ಕೇಳಿದರೆ ನಾನು ಆ ಒಂದು ಸ್ವರಕ್ಕೆ ಬೆರಳು ತೋರಿಸುತ್ತೇನೆ.

ಸ್ವರ ಹಿಡಿಯಲು ಆಗದಿದ್ದರೆ ತಾಳ ಹಿಡಿಯಿರಿ. ಐಸೆನ್‌ಗಾರ್ಡ್ ಅನ್ನುವ ಕೆಟ್ಟ ಮಾಂತ್ರಿಕನ ಕೋಟೆಗೆ ಬರುವ ಬಡಿತ ಅದಕ್ಕೆ ಸರಿಯಾದದ್ದು. ಕಬ್ಬಿಣ ಕುಟ್ಟುವ ಸದ್ದು, ದೊಡ್ಡ ಡೋಲು, ಪಿಯಾನೋದ ತಂತಿಗೆ ಸರಪಳಿಯ ಪೆಟ್ಟು. ಬೆಂಚಿನ ಮೇಲೆ ಕೈ ಬಡಿದು ಎಣಿಸಿ. ನಾಲ್ಕರ ಲೆಕ್ಕ ಹಾಕಿದರೆ ಒಂದು ಸುತ್ತಿನಲ್ಲೇ ತಪ್ಪುತ್ತೀರಿ. ಅದು ಐದು. ಮದ್ದಳೆ ಕಲಿತ ಗೆಳೆಯ ತೊಡೆಯ ಮೇಲೆ 'ತಕ ತಕಿಟ' ಹಾಕಿಕೊಂಡು "ಇದು ನಮ್ಮ ಝಂಪೆಯವರ ನೆಂಟ" ಅಂದ. ನೆಂಟಸ್ತಿಕೆ ಇರಲಿ ಬಿಡಿ, ಐದನ್ನು ಒಮ್ಮೆ ಕೈಗೆ ಹಿಡಿಸಿಕೊಂಡರೆ ಆ ಸೈನ್ಯ ಪರದೆಗೆ ಬರುವ ಮೊದಲೇ ನಿಮ್ಮ ಕೈಗೆ ಗೊತ್ತಾಗುತ್ತದೆ.

ಹಂತ 4: ಬದಲಾದದ್ದನ್ನು ಬರೆಯಿರಿ

ಇದೇ ಮುಖ್ಯ ಹಂತ. ಉಳಿದದ್ದೆಲ್ಲ ಇದಕ್ಕೆ ಅಡಿಗೆ ಮನೆ ಕೆಲಸ.

ಒಂದು ಮಟ್ಟಿಗೆ ಒಂದು ಹಾಳೆ. ಪ್ರತಿ ಸಲ ಅದು ಬಂದಾಗ ಒಂದು ಸಾಲು. ಯಾವ ವಾದ್ಯ, ಎಷ್ಟು ವೇಗ, ಎಷ್ಟು ಪೂರ್ತಿ ಬಂತು, ಕೆಳಗೆ ಏನಿತ್ತು, ಆಗ ಪರದೆಯಲ್ಲಿ ಯಾರಿದ್ದರು. ಕೊನೆಗೆ ಯಾರಿರಲಿಲ್ಲ ಅನ್ನುವುದನ್ನೂ ಬರೆಯಿರಿ. ಈ ಕೊನೆಯದನ್ನು ಯಾರೂ ಬರೆಯುವುದಿಲ್ಲ.

ಶೈರ್ ಹಾಳೆಯಿಂದ ಮೂರು ಸಾಲು ತೋರಿಸುತ್ತೇನೆ. ಮೊದಲ ಭಾಗದಲ್ಲಿ ಊರು ಕಾಣುವಾಗ ಟಿನ್ ವಿಸಿಲ್ ಅನ್ನುವ ತಗಡಿನ ಕೊಳಲು, ಪಿಟೀಲು, ಹಗುರ ನಡೆ, ಮಟ್ಟು ಪೂರ್ತಿ. ಮೂರನೇ ಭಾಗದಲ್ಲಿ ಬೆಂಕಿಯ ಬೆಟ್ಟದ ಮೇಲೆ ಸ್ಯಾಮ್ ಊರಿನ ಮಾತೆತ್ತಿದಾಗ ಒಂಟಿ ಕೊಳಲು, ತುಂಬ ನಿಧಾನ. ಊರು ಪರದೆಯಲ್ಲಿ ಇಲ್ಲ, ನೂರಾರು ಮೈಲಿ ಹಿಂದೆ ಉಳಿದಿದೆ. ಅದರ ನೆನಪೂ ತನಗೆ ಬರುತ್ತಿಲ್ಲ ಅಂತ ಫ್ರೋಡೋ ಹೇಳುವ ಹೊತ್ತಿಗೆ ಮಟ್ಟು ಬಂದಿದೆ. ಅವನಿಗೆ ಮರೆತದ್ದು ನಮ್ಮ ಕಿವಿಗೆ ಬಿದ್ದಿದೆ. ಆಮೇಲೆ ಪಟ್ಟಾಭಿಷೇಕವಾಗಿ ರಾಜನೇ ಫ್ರೋಡೋ, ಸ್ಯಾಮ್ ಸೇರಿ ನಾಲ್ವರು ಕುಳ್ಳರಿಗೆ ತಲೆಬಾಗುವಾಗ ಇಡೀ ವಾದ್ಯಮೇಳ ಎದ್ದು ಅದೇ ಮಟ್ಟನ್ನು ಹಿಡಿಯುತ್ತದೆ. ತಗಡಿನ ಕೊಳಲಿನದು ರಾಜಸಭೆಗೆ ಬಂತು. ಸರಿಗಮ ಅದೇ. ಅಜ್ಜನ 'ಎಂತಕ್ಕೆ ಇಷ್ಟು ಮೆಲ್ಲ' ಅನ್ನುವುದಕ್ಕೆ ಉತ್ತರ ಈ ಮೂರು ಸಾಲನ್ನು ಒಂದರ ಕೆಳಗೆ ಒಂದು ಇಟ್ಟಾಗ ಸಿಕ್ಕಿತು.

'ಎಷ್ಟು ಪೂರ್ತಿ' ಅನ್ನುವ ಕಾಲಂ ಯಾಕೆ ಬೇಕು ಅಂತ ತಿಳಿಯಲು ಉಂಗುರದ ಜೊತೆ ಹೊರಡುವ ಒಂಬತ್ತು ಜನರ ತಂಡದ ಮಟ್ಟು ಕೇಳಿ. ಫ್ರೋಡೋ, ಸ್ಯಾಮ್ ಇಬ್ಬರೇ ಊರು ಬಿಟ್ಟು ನಡೆಯುವಾಗ ಅದು ಚೂರುಚೂರಾಗಿ ಸುಳಿಯುತ್ತದೆ. ಎಲ್ಫ್ ಅನ್ನುವ ಸಾವಿಲ್ಲದ ಜನರ ಊರು ರಿವೆಂಡೆಲ್‌ನ ಸಭೆಯಲ್ಲಿ ಒಂಬತ್ತು ಜನ ಸೇರಿ ತಂಡಕ್ಕೆ ಹೆಸರು ಬಿದ್ದಾಗ ಕಹಳೆಗಳಲ್ಲಿ ತುಂಬಿ ಬರುತ್ತದೆ. ಮೋರಿಯಾ ಗಣಿಯಲ್ಲಿ ತಂಡದ ಮಾಂತ್ರಿಕ ಗ್ಯಾಂಡಾಲ್ಫ್ ಬಿದ್ದ ಮೇಲೆ ಮತ್ತೆ ಒಡೆಯುತ್ತದೆ. ತಂಡ ಮುರಿದ ಹಾಗೇ ಮಟ್ಟೂ ಮುರಿಯುತ್ತದೆ. ಗೊಂಡೋರ್ ರಾಜ್ಯದ್ದು ಇದರ ಉಲ್ಟಾ. ಮೊದಲ ಭಾಗದ ಸಭೆಯಲ್ಲಿ ಬೊರೋಮಿರ್ ತನ್ನ ಊರಿನ ಬಗ್ಗೆ ಹೇಳುವಾಗ ಒಂದೇ ಹಾರ್ನ್, ಸಣ್ಣಗೆ. ರಾಜ್ಯವನ್ನು ನಾವಿನ್ನೂ ಸರಿಯಾಗಿ ಕಂಡಿಲ್ಲ. ಕಂಡದ್ದು ಮೂರನೇ ಭಾಗದಲ್ಲಿ, ಬಿಳಿ ಕುದುರೆ ಕಲ್ಲಿನ ಊರಿನ ಸುತ್ತು ಹತ್ತುವಾಗ. ಆಗ ಮಟ್ಟು ತಡೆ ಕಿತ್ತ ಹೊಳೆಯ ಹಾಗೆ. ಎರಡು ವರ್ಷ ಕಾಯಿಸಿದ್ದಾರೆ ಪುಣ್ಯಾತ್ಮರು!

ಬಹಳ ದೂರ ದೂರ ಬರುವ ಮಟ್ಟೂ ಇದೆ. ಮೊದಲ ಭಾಗದಲ್ಲಿ ಗೋಪುರದ ತುದಿಯಲ್ಲಿ ಸೆರೆಯಾದ ಗ್ಯಾಂಡಾಲ್ಫ್ ಹತ್ತಿರ ಒಂದು ಪತಂಗ ಬರುತ್ತದೆ. ಆಗ ಒಬ್ಬ ಹುಡುಗನ ಕಂಠದಲ್ಲಿ ಬಂದ ಮಟ್ಟು ಎರಡನೇ ಭಾಗದಲ್ಲಿ ಮರಗಳೇ ಎದ್ದು ಅದೇ ಗೋಪುರದ ಮೇಲೆ ದಂಡೆತ್ತಿ ಹೋಗುವಾಗ ಮತ್ತೆ ಬರುತ್ತದೆ. ಇದನ್ನು ನಿಮಗೇ ಬಿಟ್ಟಿದ್ದೇನೆ. ಎರಡು ಸಾಲು ಬರೆದು ನೋಡಿ.

ನಮ್ಮ ಕಿವಿಯ ಹಠ

ಇದು ಹಂತ ಅಲ್ಲ, ಎಚ್ಚರಿಕೆ. ಮೋರ್ಡೋರ್ ಅನ್ನುವ ಕತ್ತಲ ನಾಡಿಗೆ ಶೋರ್ ಇಟ್ಟಿರುವುದು ರೈಟಾ ಅನ್ನುವ ಉತ್ತರ ಆಫ್ರಿಕಾದ ವಾದ್ಯ. ಎರಡು ನಾಲಗೆಯ ಪೀಪಿಯದು, ನಮ್ಮ ನಾಗಸ್ವರದ ಕುಲವೇ. ಅದು ಕಿರುಚಿದಾಗ ಜಗಲಿಯಿಂದ ಅಜ್ಜ "ವಾಲಗ ಯಾರ ಮನೇಲಿ?" ಅಂದರು. ಸಿನಿಮಾದಲ್ಲಿ ಲೋಕ ಮುಳುಗುತ್ತಿದೆ, ಅಜ್ಜನಿಗೆ ಮದುವೆ.

ಲೋಥ್ಲೋರಿಯನ್ ಕಾಡಿನದೂ ಹಾಗೆಯೇ. ಅಲ್ಲಿಯ ಎಲ್ಫ್ ರಾಣಿ ನಿಗೂಢಳು, ತುಸು ಭಯ ಹುಟ್ಟಿಸುವವಳು. ಅದಕ್ಕೆ ಅರಬ್ ಸಂಗೀತದ ಹಿಜಾಜ್ ಸ್ವರಸಾಲು ಬಳಸಿದ್ದಾರೆ. ಅದರ ಕೆಳಗಿನ ನಾಲ್ಕು ಸ್ವರ ನಮ್ಮ ಮಾಯಾಮಾಳವಗೌಳದ ಸ ರಿ ಗ ಮ. ಅವರಿಗೆ ಅಪರಿಚಿತವಾಗಿ ಕೇಳಲಿ ಅಂತ ಇಟ್ಟದ್ದು ನಮಗೆ ಸರಳೆ ವರಸೆ, ಮಕ್ಕಳು ಮೊದಲ ದಿನ ಕಲಿಯುವುದು. ಹಾಗಾಗಿ 'ಇದು ಶುಭದ ಸಂಗೀತ', 'ಇದು ದುಃಖದ್ದು' ಅಂತ ನಮ್ಮ ಅಭ್ಯಾಸದಿಂದ ಬರೆಯಬೇಡಿ. ಈ ಸಿನಿಮಾದ ಒಳಗೆ ಅದು ಯಾರ ಜೊತೆ ಬಂತು ಅಂತ ಮಾತ್ರ ನೋಡಿ.

ಹಂತ 5: ಹೋಲಿಕೆ ನಿಜವಾ ಅಂತ ಕೆಡವಿ ನೋಡಿ

ಏರಿ ಇಳಿಯುವ ಮಟ್ಟು ಲೋಕದಲ್ಲಿ ಸಾವಿರ ಇವೆ. ಎರಡು ಮಟ್ಟು ಒಂದೇ ಅನ್ನಬೇಕಾದರೆ ಸರಿಗಮ, ತಾಳದ ನಡೆ, ಬಂದ ಸಂದರ್ಭ ಈ ಮೂರರಲ್ಲಿ ಎರಡಾದರೂ ಕೂಡಿಬರಬೇಕು. ಇದು ನಮ್ಮ ಮನೆಯ ಕಾನೂನು, ಎಲ್ಲೂ ಬರೆದಿಟ್ಟದ್ದಲ್ಲ. ಒಂದೇ ಕೂಡಿದರೆ ಹಾಳೆಯ ಅಂಚಿನಲ್ಲಿ ಪ್ರಶ್ನೆ ಚಿಹ್ನೆ ಹಾಕಿ ಮುಂದೆ ಹೋಗುತ್ತೇವೆ.

ಮೂರರಲ್ಲಿ ಎರಡು ಸರಿಯಾಗಿ ಕೂಡಿಯೂ ಜಗಳ ಮುಗಿಯದ ಒಂದು ಜಾಗ ಇದೆ. ಇದೇ ಕತೆಗೆ ಮೊದಲಿನದನ್ನು ಹೇಳುವ 'ಹಾಬಿಟ್' ಸರಣಿಯ 2012ರ ಮೊದಲ ಸಿನಿಮಾದ ಕೊನೆಯಲ್ಲಿ, ಉರಿಯುವ ಮರಗಳ ನಡುವೆ ಡ್ವಾರ್ಫ್ ಅನ್ನುವ ಕುಬ್ಜರ ನಾಯಕ ಥೋರಿನ್ ಕತ್ತಿ ಹಿಡಿದು ವೈರಿಯ ಕಡೆಗೆ ಹೋಗುತ್ತಾನೆ. ಆಗ ಬರುವ ವೃಂದಗಾನ ಹಳೆಯ ಸರಣಿಯಲ್ಲಿ ಉಂಗುರದ ಪ್ರೇತಗಳಿಗೆ ಇದ್ದದ್ದು. ಸ್ವರ ಅದೇ, ನಡೆ ಅದೇ. ಪ್ರೇತ ಮಾತ್ರ ಒಂದೂ ಇಲ್ಲ. ಭಾವ ಹೇಳುವುದು: ಹಗೆತನ ಇವನನ್ನೂ ಪ್ರೇತ ಮಾಡುತ್ತಿದೆ, ಅದನ್ನೇ ಸಂಗೀತ ಹೇಳುತ್ತಿದೆ. ನಾನು ಹೇಳುವುದು: ದೃಶ್ಯಕ್ಕೆ ತೂಕ ಬೇಕಿತ್ತು, ತೂಕದ ಸಂಗೀತ ಕಪಾಟಿನಲ್ಲಿತ್ತು, ತೆಗೆದು ಹಾಕಿದರು. ಭಾವನ ಮಾತು ಚಂದ ಅನ್ನುವುದನ್ನು ಒಪ್ಪುತ್ತೇನೆ. ಚಂದದ ಅರ್ಥ ಹೇಳಲು ಬರುತ್ತದೆ ಅಂದ ಮಾತ್ರಕ್ಕೆ ಅದೇ ಅವರ ಉದ್ದೇಶ ಆಗಿತ್ತು ಅಂತಲ್ಲವಲ್ಲ? ಆ ಸಾಲಿನಲ್ಲಿ ಎರಡೂ ಅಭಿಪ್ರಾಯ ಬರೆದು ಬಿಟ್ಟಿದ್ದೇವೆ.

ಹಂತ 6: ಸಂಗೀತದವರು ಬದಲಾದ ಸರಣಿ ಆದರೆ

ಒಬ್ಬನೇ ಮಾಡಿದ ಸರಣಿ ಒಂದೇ ಭಾಗವತರ ಇಡೀ ರಾತ್ರಿಯ ಆಟದ ಹಾಗೆ. ಹ್ಯಾರಿ ಪಾಟರ್ ಹಾಗಲ್ಲ. 2001ರಿಂದ 2011ರವರೆಗೆ ಎಂಟು ಸಿನಿಮಾ, ನಾಲ್ಕು ಸಂಗೀತಗಾರರು. ಮೊದಲ ಮೂರಕ್ಕೆ ಜಾನ್ ವಿಲಿಯಮ್ಸ್, ನಾಲ್ಕನೆಯದಕ್ಕೆ ಪ್ಯಾಟ್ರಿಕ್ ಡಾಯ್ಲ್, ಐದು ಆರಕ್ಕೆ ನಿಕೋಲಸ್ ಹೂಪರ್, ಕೊನೆಯ ಎರಡಕ್ಕೆ ಅಲೆಕ್ಸಾಂಡ್ರ್ ಡೆಸ್ಪ್ಲಾ.

ಇಲ್ಲಿ ಹಾಳೆಗೆ ಒಂದು ಕಾಲಂ ಜಾಸ್ತಿ ಬೇಕು: ಯಾರ ಕೈ. ಹೆಡ್ವಿಗ್ ಮಟ್ಟು ಎಂಟರಲ್ಲೂ ಸುಳಿಯುತ್ತದೆ, ಆದರೆ ವಿಲಿಯಮ್ಸ್ ಹೋದ ಮೇಲೆ ಅದು ಬಂದು ಹೋಗುವ ನೆಂಟ. ಮಟ್ಟು ಕಡಿಮೆಯಾದದ್ದು ಕತೆ ಕತ್ತಲಾದ್ದರಿಂದಲೋ, ಹೊಸಬರಿಗೆ ತಮ್ಮದೇ ಮಟ್ಟು ಬೇಕಿತ್ತು ಅನ್ನುವುದರಿಂದಲೋ ಅಂತ ಹಾಳೆ ನೋಡಿ ಹೇಳಲಾಗುವುದಿಲ್ಲ. ಹಾಗಾಗಿ ಎಣಿಕೆಗೆ ಹೆಚ್ಚು ಬೆಲೆ ಕೊಡಬೇಡಿ. ಕೊನೆಯ ದೃಶ್ಯಕ್ಕೆ ಮಾತ್ರ ಕಿವಿ ಕೊಡಿ. ಹತ್ತೊಂಬತ್ತು ವರ್ಷ ಕಳೆದು ಹ್ಯಾರಿ ಮತ್ತು ಗೆಳೆಯರು ತಮ್ಮ ಮಕ್ಕಳನ್ನು ರೈಲು ಹತ್ತಿಸಲು ಬರುವಾಗ ಕೇಳುವುದು ಡೆಸ್ಪ್ಲಾ ಬರೆದದ್ದಲ್ಲ. ಮೊದಲ ಸಿನಿಮಾದಲ್ಲಿ ಶಾಲೆಯಿಂದ ಹೊರಡುವಾಗ ವಿಲಿಯಮ್ಸ್ ಇಟ್ಟಿದ್ದ ಸಂಗೀತವನ್ನೇ ತಂದು ಇಟ್ಟಿದ್ದಾರೆ. ಕುಂಬಳೆ ಸ್ಟೇಷನ್ನಿನಲ್ಲಿ ಯಾರನ್ನಾದರೂ ಬೀಳ್ಕೊಟ್ಟು ಬಂದ ದಿನ ಅದನ್ನು ಹಾಕಬೇಡಿ, ಅಷ್ಟೇ ಹೇಳುತ್ತೇನೆ.

ಹಂತ 7: ತಾಳಮದ್ದಳೆಯ ಹಾಗೆ ಕೂರಿ

ಎಲ್ಲ ಬರೆದಾದ ಮೇಲೆ ಒಂದು ದಿನ ಎದುರುಬದುರು ಕೂತು ವಾದ ಮಾಡಬೇಕು. ವೇಷ ಇಲ್ಲ, ಕುಣಿತ ಇಲ್ಲ, ಪದ ಮತ್ತು ಮಾತು ಅಷ್ಟೇ. ಮಳೆಗಾಲದಲ್ಲಿ ನಮ್ಮೂರಿಗೆ ಇದು ಹೊಸದಲ್ಲ.

ನಮ್ಮ ಕ್ರಮ ಹೀಗೆ. ಎರಡು ಮಟ್ಟು ಒಂದೇ ಅಂತ ವಾದಿಸುವವನು ಮೊದಲು ಎರಡು ತುಂಡನ್ನೂ ಕೇಳಿಸಬೇಕು. ಮಾತು ಆಮೇಲೆ. ಕೇಳಿಸದೆ ಅರ್ಥ ಹೇಳಲು ಹೊರಟರೆ ನಿಲ್ಲಿಸುತ್ತೇವೆ. ಒಂದು ತುಂಡನ್ನು ಮೂರು ಸಲಕ್ಕಿಂತ ಹೆಚ್ಚು ಹಾಕುವಂತಿಲ್ಲ. ಹತ್ತು ಸಲ ಕೇಳಿಸಿದರೆ ಯಾವ ಎರಡು ಮಟ್ಟೂ ಒಂದೇ ಥರ ಕೇಳುತ್ತದೆ, ನಂಬಿ. ಎದುರಾಳಿ ಅರ್ಥ ಹೇಳುವವನು ಬೇಕೇಬೇಕು. ಎಲ್ಲರೂ ತಲೆ ಆಡಿಸಿದರೆ ಒಬ್ಬನನ್ನು ಎಬ್ಬಿಸಿ ವಿರುದ್ಧ ಹೇಳಿಸುತ್ತೇವೆ. ಪಕ್ಕದ ಮನೆಯ ಮಲಯಾಳಂ ಹುಡುಗಿ ಇದರಲ್ಲಿ ಎತ್ತಿದ ಕೈ. ಕನ್ನಡದಲ್ಲಿ ಶುರು ಮಾಡಿ ಬಿಸಿಯೇರಿದ ಮೇಲೆ ಮಲಯಾಳಂಗೆ ಹೋಗುತ್ತಾಳೆ, ಭಾವ ತುಳುವಿನಲ್ಲಿ ಉತ್ತರ ಕೊಡುತ್ತಾನೆ. ಅಜ್ಜನಿಗೆ ಎರಡೂ ಅರ್ಥವಾಗುತ್ತದೆ.

ಹಂತ 8: ಹೆಸರು ಕೊನೆಗೆ

ವೋಲ್ಟ್ಸೋಗನ್ ತಪ್ಪು ಅಂದೆನಲ್ಲ, ಅದು ಇಲ್ಲಿದೆ. ಮಟ್ಟಿಗೆ ಬೇಗ ಹೆಸರಿಟ್ಟರೆ ಹೆಸರೇ ಕೇಳುತ್ತದೆ, ಮಟ್ಟು ಕೇಳುವುದಿಲ್ಲ. ಒಂದಕ್ಕೆ 'ದುಃಖದ ಮಟ್ಟು' ಅಂತ ಬರೆದಿಟ್ಟರೆ, ಅದು ಗೆಲುವಿನ ದೃಶ್ಯದಲ್ಲಿ ಬಂದಾಗ ಪತ್ತೆಯೇ ಆಗದೆ ದಾಟಿ ಹೋಗುತ್ತದೆ. 'ಲಾರ್ಡ್ ಆಫ್ ದ ರಿಂಗ್ಸ್' ಮೂರು ಸಿನಿಮಾಗಳಲ್ಲಿ 80ಕ್ಕೂ ಹೆಚ್ಚು ಮಟ್ಟುಗಳನ್ನು ತಿಳಿದವರು ಎಣಿಸಿ ಹೆಸರಿಟ್ಟಿದ್ದಾರೆ. ಆ ಪಟ್ಟಿಯನ್ನು ಕೊನೆಗೆ ತೆಗೆಯಿರಿ, ಪರೀಕ್ಷೆ ಮುಗಿದ ಮೇಲೆ ಉತ್ತರ ನೋಡುವ ಹಾಗೆ. ಅಲ್ಲಿಯವರೆಗೆ ನಂಬರ್ ಸಾಕು. ನಮ್ಮ ಪುಸ್ತಕದಲ್ಲಿ ಶೈರ್ ಇವತ್ತಿಗೂ 3ನೇ ನಂಬರ್.

ಶುರು ಮಾಡುವವರು ಎಂಬತ್ತರ ಹಿಂದೆ ಹೋಗಬೇಡಿ. ಮೂರು ಮಟ್ಟು ಆರಿಸಿ: ಶೈರ್, ಐಸೆನ್‌ಗಾರ್ಡಿನ ಐದು, ಮತ್ತು ಎರಡನೇ ಭಾಗದ ರೋಹನ್, ಅಂದರೆ ಕುದುರೆ ಸವಾರರ ರಾಜ್ಯದ್ದು. ರೋಹನ್‌ದು ನಾರ್ವೆಯ ಹಾರ್ಡಂಗರ್ ಪಿಟೀಲು. ಕಮಾನು ತಾಗುವ ತಂತಿಗಳ ಕೆಳಗೆ ಇನ್ನಷ್ಟು ತಂತಿ ಇದ್ದು ತಾವಾಗಿ ಮಿಡಿಯುತ್ತವೆ. ಆ ಗುಂಯ್ ಸದ್ದಿನಿಂದಲೇ ಗುರುತು ಹಿಡಿಯಬಹುದು. ವಾರಕ್ಕೆ ಒಂದು ಸಿನಿಮಾದ ಲೆಕ್ಕದಲ್ಲಿ ಒಂದು ತಿಂಗಳೊಳಗೆ ಮೂರು ಹಾಳೆ ತುಂಬುತ್ತವೆ.

ಈ ವರ್ಷ ನಾವು 'ಹಾಬಿಟ್' ಮೂರನ್ನೂ ಹಿಡಿದಿದ್ದೇವೆ. ಮೊದಲ ಭಾಗದಲ್ಲಿ ಕುಬ್ಜರು ಬಿಲ್ಬೋ ಅನ್ನುವ ಹಾಬಿಟ್‌ನ ಮನೆಯ ಬೆಂಕಿಯ ಮುಂದೆ ಒಂದು ಹಾಡು ಹಾಡುತ್ತಾರೆ. ಮಂಜಿನ ಬೆಟ್ಟಗಳ ಹಾಡು. ಆ ಸಿನಿಮಾ ಇಡೀ ಅದರ ಮಟ್ಟು ಕಹಳೆಯಲ್ಲಿ ಮತ್ತೆ ಮತ್ತೆ ಬರುತ್ತದೆ. 2013, 2014ರ ಮುಂದಿನ ಎರಡರಲ್ಲಿ ಅದನ್ನು ಹುಡುಕಬೇಕು. ಹಾಳೆಯಲ್ಲಿ ಮೇಲೆ ಸಾಲುಗಳು ಒತ್ತೊತ್ತಾಗಿವೆ, ಕೆಳಗೆ ಬಿಳಿ. ಮೊನ್ನೆ ಎರಡನೇ ಭಾಗ ಮುಗಿದಾಗ ಅಜ್ಜ ಜಗಲಿಯಿಂದಲೇ ಕೇಳಿದರು: "ಆ ಬೆಟ್ಟದ ಪದ ಎಲ್ಲಿ ಹೋತು?"

ಭಾವ ಪೆನ್ನು ತೆಗೆದು ಬಿಳಿ ಜಾಗದಲ್ಲಿ ಅದನ್ನೇ ಬರೆದುಕೊಂಡ.